ಸಾವಿರದ ಮೂವತ್ತು ಎಣಿಕೆಯ ಸೆಕೆಂಡು

ಆ ವರ್ಕ್‌ಶಾಪಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸೆಕೆಂಡಮ್ಮ ಅನ್ನುತ್ತಿದ್ದರು. ಒಂದು ಸೆಕೆಂಡ್ ಹೆಚ್ಚುಕಮ್ಮಿಯಾದರೆ ವಾರಗಟ್ಟಲೆ ಅದರ ಬೆನ್ನು ಬೀಳುವವಳು ಎಂದು ಪ್ಯಾಕಿಂಗಿನವನು ತಮಾಷೆಗೆ ಇಟ್ಟ ಹೆಸರು ಅದು. ಮೊದಮೊದಲು ಅವಳಿಗೆ ಮೈ ಉರಿಯುತ್ತಿತ್ತು. ಆಮೇಲಾಮೇಲೆ ಗಿರಾಕಿಗಳಿಗೆ ಫೋನ್ ಮಾಡಿದಾಗ ತಾನೇ "ನಾನು, ಸೆಕೆಂಡಮ್ಮ ಮಾತಾಡ್ತಿರೋದು" ಅನ್ನುವಷ್ಟು ಅದು ಒಗ್ಗಿಹೋಯಿತು.

ವರ್ಕ್‌ಶಾಪ್ ಇದ್ದದ್ದು ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು, ಒಳಗೆ ಬೆಸುಗೆಯ ಹೊಗೆ. ಎರಡೂ ಸೇರಿ ಅಲ್ಲಿ ಕೆಲಸ ಮಾಡುವವರ ಬಟ್ಟೆಗೆ ಒಂದು ವಾಸನೆ ಹಿಡಿದು ಕೂತಿತ್ತು, ಎಷ್ಟು ಒಗೆದರೂ ಹೋಗದ್ದು. ಏಳು ಜನರ ಜಾಗ. ಶಾಲೆಗಳ ಗಂಟೆ ತಾನಾಗಿ ಬಾರಿಸುವ ಪೆಟ್ಟಿಗೆ, ಕಾರ್ಖಾನೆಯ ಸೈರನ್ನು, ಪಂಪು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಟೈಮರು, ಇಂಥವನ್ನು ಮಾಡಿ ಕೊಡುತ್ತಿದ್ದರು. ಯಜಮಾನರು ಮೊದಲು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವರು, ಆ ಕೆಲಸ ಬಿಟ್ಟು ಇದನ್ನು ತೆರೆದಿದ್ದರು. ಹಾಗಾಗಿ ಎಲ್ಲರಿಗೂ ಅವರು ಮೇಷ್ಟ್ರು.

ಅವಳು ಅಲ್ಲಿಗೆ ಬಂದಾಗ ಇಪ್ಪತ್ತೆರಡು ವರ್ಷ. ಹತ್ತನೇ ಕ್ಲಾಸಿಗೆ ಓದು ನಿಂತಿತ್ತು. ಬೋರ್ಡಿಗೆ ಬಿಡಿಭಾಗ ಬೆಸೆಯುವ ಕೆಲಸಕ್ಕೆ ಸೇರಿದ್ದಳು. ಸೇರಿ ನಾಲ್ಕನೇ ತಿಂಗಳಲ್ಲಿ, ಕೈಯಲ್ಲಿದ್ದ ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಕೇಳಿದಳು:

"ಮೇಷ್ಟ್ರೇ, ಈ ಚಿಪ್ಪಿಗೆ ಗಂಟೆ ಎಷ್ಟು ಅಂತ ಹೇಗೆ ಗೊತ್ತಾಗುತ್ತೆ?"

ಬೇರೆ ಯಾರಾಗಿದ್ದರೂ ನಿನಗ್ಯಾಕೆ ಅದೆಲ್ಲ ಅನ್ನುತ್ತಿದ್ದರು. ಮೇಷ್ಟ್ರು ಮಾತ್ರ ಒಂದು ಸ್ಟೂಲು ಎಳೆದುಕೊಂಡು ಅವಳೆದುರು ಕೂತರು.

"ಅದಕ್ಕೆ ಗಂಟೆ ಗಿಂಟೆ ಏನೂ ಗೊತ್ತಿಲ್ಲ ಕಣಮ್ಮಾ. ಎಣಿಸೋದೊಂದು ಗೊತ್ತು. ನೋಡು, ಇಲ್ಲಿ ತಗಡಿನ ಡಬ್ಬಿ ಥರ ಇದೆಯಲ್ಲ, ಇದರೊಳಗೆ ಒಂದು ಹರಳು. ಕರೆಂಟ್ ಕೊಟ್ರೆ ಒಂದೇ ಸಮ ನಡುಗುತ್ತೆ. ಆ ನಡುಕ ಎಣಿಸೋಕೆ ಚಿಪ್ಪಿನೊಳಗೆ ಒಂದು ಟೈಮರ್ ಇರುತ್ತೆ. ಲೆಕ್ಕ ಇಷ್ಟಾಯ್ತು ಅಂದ ಕೂಡಲೇ ಅದು ಬಾಗಿಲು ತಟ್ಟುತ್ತೆ. ಸೆಕೆಂಡಿಗೆ ಸಾವಿರ ಸಲ."

"ಬಾಗಿಲು ತಟ್ಟಿದ್ರೆ?"

"ನೀನು ಮನೇಲಿ ಅಡುಗೆ ಮಾಡ್ತಿರ್ತೀಯ, ಯಾರೋ ಬಾಗಿಲು ತಟ್ಟುತ್ತಾರೆ. ಏನ್ಮಾಡ್ತೀಯ? ಕೈಯಲ್ಲಿದ್ದ ಕೆಲಸ ಎಲ್ಲಿಗೆ ಬಂತು ಅಂತ ನೆನಪಿಟ್ಕೊಂಡು ಹೋಗ್ತೀಯ, ಬಂದವರನ್ನ ಬೇಗ ಸಾಗಹಾಕ್ತೀಯ, ವಾಪಸ್ ಬಂದು ಬಿಟ್ಟಲ್ಲಿಂದಲೇ ಶುರು ಮಾಡ್ತೀಯ. ಇದಕ್ಕೆ ಇಂಟರಪ್ಟ್ ಅಂತಾರೆ. ಪ್ರತಿಸಲ ತಟ್ಟಿದಾಗಲೂ ಚಿಪ್ಪು ಗೋಡೆ ಮೇಲೆ ಒಂದು ಗೆರೆ ಎಳೆದು ಬರುತ್ತೆ ಅಂತ ಇಟ್ಕೋ. ಸಾವಿರ ಗೆರೆ ಆದ್ರೆ ಒಂದು ಸೆಕೆಂಡು. ಅರವತ್ತು ಸೆಕೆಂಡಿಗೆ ಒಂದು ನಿಮಿಷ. ಅಷ್ಟೇ ಗಡಿಯಾರ."

ಅವಳಿಗೆ ಅವತ್ತು ಆದ ಖುಷಿ ಹೇಳತೀರದು. ಮನೆಗೆ ಹೋಗಿ ಅಮ್ಮನಿಗೂ ತಂಗಿಗೂ ಅದನ್ನೇ ಹೇಳಿದಳು. ಅಮ್ಮ ಕೇಳಿದ ಹಾಗೆ ಮಾಡಿದಳು, ತಂಗಿ ಆಕಳಿಸಿದಳು.

ಮುಂದಿನ ಮೂರು ವರ್ಷ ಮೇಷ್ಟ್ರು ಅವಳಿಗೆ ದಿನಾ ಊಟದ ಬಿಡುವಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸಿದರು. ಬುತ್ತಿಯ ಡಬ್ಬಿ ಒಂದು ಪಕ್ಕ, ನೋಟ್‌ಬುಕ್ಕು ಇನ್ನೊಂದು ಪಕ್ಕ. ಅವಳು ಕಟ್ಟಿದ ಮೊದಲ ಗಡಿಯಾರ ಗಂಟೆಗೆ ಹನ್ನೆರಡು ಸೆಕೆಂಡು ಹಿಂದೆ ಬೀಳುತ್ತಿತ್ತು. ಯಾಕೆಂದು ತಲೆ ಕೆರೆದುಕೊಂಡು ಕೂತಿದ್ದಾಗ ಮೇಷ್ಟ್ರು ಹಿಂದೆ ನಿಂತು ಓದಿ ನಕ್ಕರು. ಇಂಟರಪ್ಟ್ ಬಂದಾಗಲೇ ಅವಳು ಡಿಸ್‌ಪ್ಲೇಯ ಅಂಕಿಗಳನ್ನೂ ಬರೆಯಲು ಹೋಗಿದ್ದಳು. ಅದು ಮುಗಿಯುವಷ್ಟರಲ್ಲಿ ಮುಂದಿನ ತಟ್ಟು ಬಂದು, ಯಾರೂ ಓಗೊಡದೆ, ಹೊರಟುಹೋಗಿರುತ್ತಿತ್ತು.

"ಬಾಗಿಲಲ್ಲಿ ನಿಂತು ಹರಟೆ ಹೊಡೀಬಾರದಮ್ಮಾ," ಅಂದರು. "ಗೆರೆ ಎಳಿ, ಒಳಗೆ ಬಾ. ಬಾಕಿ ಕೆಲಸ ಆಮೇಲೆ."

ಇನ್ನೊಂದು ತಪ್ಪನ್ನು ಅವಳೇ ಹಿಡಿದಳು. ಹತ್ತು ಐವತ್ತೊಂಬತ್ತು ದಾಟಿ ಹನ್ನೊಂದಾಗುವಾಗ, ಎಲ್ಲೋ ಸಾವಿರಕ್ಕೊಂದು ಸಲ, ಡಿಸ್‌ಪ್ಲೇ ಹತ್ತು ಸೊನ್ನೆ ಸೊನ್ನೆ ಎಂದು ಮಿಂಚಿ ಮಾಯವಾಗುತ್ತಿತ್ತು. ಪ್ರೋಗ್ರಾಮು ಗಂಟೆಯನ್ನು ಓದಿಕೊಂಡು, ನಿಮಿಷ ಓದುವ ಮೊದಲೇ ಟೈಮರು ತಟ್ಟಿ ಎರಡನ್ನೂ ಬದಲಾಯಿಸಿಬಿಡುತ್ತಿತ್ತು, ಹಳೆಯ ಗಂಟೆ, ಹೊಸ ನಿಮಿಷ. ಓದುವಷ್ಟು ಹೊತ್ತು ಮಾತ್ರ ಬಾಗಿಲಿಗೆ ಚಿಲಕ ಹಾಕಿ, ಓದಿದ ಕೂಡಲೇ ತೆಗೆಯುವ ಹಾಗೆ ಅವಳು ಬರೆದಳು. ಆ ದಿನ ಮೇಷ್ಟ್ರು ಏಳು ಜನಕ್ಕೂ ಚಹಾ ತರಿಸಿದರು. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ 'ಬರೆದವರು' ಎಂದು ಹಾಕಿ ಅವಳ ಹೆಸರನ್ನು ಅವರೇ ಟೈಪ್ ಮಾಡಿದರು. ಅವಳು ಬೇಡ ಬೇಡ ಅಂದರೂ ಕೇಳಲಿಲ್ಲ.

"ನಿನ್ನ ಕೆಲಸಕ್ಕೆ ನಿನ್ನ ಹೆಸರೇ ಇರಬೇಕು. ನಾಳೆ ನಾನು ಇಲ್ಲದಿದ್ರೂ ಅದು ಅಲ್ಲೇ ಇರುತ್ತೆ."

ಅಪ್ಪ ಎಂಬುವವರನ್ನು ಸರಿಯಾಗಿ ಕಾಣದೆ ಬೆಳೆದವಳು ಅವಳು. ಆ ಮಾತನ್ನು ಎಷ್ಟು ದಿನ ಮೆಲುಕು ಹಾಕಿದಳೋ ಅವಳಿಗೇ ಗೊತ್ತು.

ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು. ಹೊಲಿಗೆ ಕಾರ್ಖಾನೆಯ ಕೆಲಸ ಬಂದದ್ದು ಆಗ. ಮುನ್ನೂರ ನಲವತ್ತು ಹೆಂಗಸರು ಒಂದೇ ಹಾಲಿನಲ್ಲಿ ಕೂತು ಹೊಲಿಯುವ ಜಾಗ ಅದು. ಆ ಮುನ್ನೂರ ನಲವತ್ತರಲ್ಲಿ ಅವಳ ತಂಗಿಯೂ ಒಬ್ಬಳು, ಕಾಲರ್ ಹಚ್ಚುವ ಸಾಲಿನಲ್ಲಿ. ಒಂದು ಮುಖ್ಯ ಗಡಿಯಾರ ಬೇಕು, ಅದರಿಂದಲೇ ಗೋಡೆಯ ಆರು ಡಿಸ್‌ಪ್ಲೇ, ಸೈರನ್ನು, ಹಾಜರಿ ಯಂತ್ರ ಎಲ್ಲ ನಡೆಯಬೇಕು ಎಂದು ಕಾರ್ಖಾನೆಯವರು ಹೇಳಿದ್ದರು. ತಂಗಿಗೆ ಹಿಗ್ಗೋ ಹಿಗ್ಗು. "ನಮ್ಮಕ್ಕ ಮಾಡ್ತಿರೋ ಗಡಿಯಾರ" ಎಂದು ಸಾಲಿಗೆಲ್ಲ ಸಾರಿಕೊಂಡು ಬಂದಳು.

ಒಂದೊಂದು ಹರಳಿನ ನಡುಕ ಒಂದೊಂದು ಥರ. ತಿಂಗಳಿಗೆ ಕೆಲವು ಸೆಕೆಂಡು ಒಂದು ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಅದಕ್ಕೆಂದೇ ಅವಳ ಪ್ರೋಗ್ರಾಮಿನಲ್ಲಿ ಒಂದು ತಿದ್ದುಪಡಿಯ ಅಂಕಿ ಇರುತ್ತಿತ್ತು. ಹರಳು ಚುರುಕಾಗಿದ್ದರೆ ಎಣಿಕೆಗೆ ಚೂರು ಕೂಡಿಸು, ಮಂದವಾಗಿದ್ದರೆ ಚೂರು ಕಳೆ. ಆ ಚೂರು ಎಷ್ಟಿರಬೇಕೆಂಬುದಕ್ಕೆ ಅವಳು ಬಿಗಿಯಾದ ಮಿತಿ ಹಾಕಿಟ್ಟಿದ್ದಳು.

ಕಾರ್ಖಾನೆಯ ಗಡಿಯಾರ ಅರ್ಧ ಆಗಿದ್ದಾಗ ಮೇಷ್ಟ್ರು ಅವಳ ಮೇಜಿನ ಹತ್ತಿರ ಬಂದು, ಮೊದಲಿನ ಹಾಗೆಯೇ ಸ್ಟೂಲು ಎಳೆದುಕೊಂಡರು.

"ಆ ಹಾಲಿನಲ್ಲಿ ಹಗಲು ಇಸ್ತ್ರಿಯ ಹಬೆ, ಯಂತ್ರಗಳ ಬಿಸಿ. ಆಮೇಲೆ ತಣ್ಣಗಾಗುತ್ತೆ. ಸೆಕೆ ಏರಿದ್ರೆ ಹರಳಿನ ನಡುಕ ಬದಲಾಗುತ್ತೆ, ಅಲ್ವಾ? ಒಂದೇ ತಿದ್ದುಪಡಿ ಸಾಲಲ್ಲ. ಗಂಟೆಗೊಂದರಂತೆ ಇಪ್ಪತ್ತನಾಲ್ಕು ಅಂಕಿ ಇಡು."

"ಇಡಬಹುದು ಮೇಷ್ಟ್ರೇ. ಆದ್ರೆ ಸೆಕೆಯಿಂದ ಆಗೋ ವ್ಯತ್ಯಾಸ ಕಣ್ಣಿಗೂ ಕಾಣದಷ್ಟು."

"ಇರಲಿ. ಆ ಮಿತೀನೂ ತೆಗೆದುಬಿಡು. ಮುಂದೆ ಎಂಥ ಹರಳು ಸಿಗುತ್ತೋ ಏನೋ."

ಅವಳ ಕೈ ಕೀಲಿಗಳ ಮೇಲೆ ಒಂದು ಗಳಿಗೆ ನಿಂತಿತು. ಮಿತಿ ಇಲ್ಲದ ಅಂಕಿ ಎಂದರೆ ಬ್ರೇಕಿಲ್ಲದ ಬಂಡಿ ಎಂದು ಅವಳಿಗೆ ಕಲಿಸಿದ್ದೇ ಅವರು. ಆದರೆ ಹೇಳುತ್ತಿರುವವರೂ ಅವರೇ. ತೆಗೆದಳು. ಅಂಕಿಗಳನ್ನು ಯಾರಾದರೂ ಬದಲಾಯಿಸಿದರೆ ಅದರ ತಾರೀಕು, ಹೊತ್ತು ಗಡಿಯಾರದೊಳಗೇ ದಾಖಲಾಗುವ ಹಾಗೆ ಒಂದು ಸಾಲು ಸೇರಿಸಿದಳು. ಅದು ಅವಳು ಎಲ್ಲದಕ್ಕೂ ಮಾಡುವ ಅಭ್ಯಾಸ, ಅದರಲ್ಲಿ ವಿಶೇಷವೇನೂ ಇರಲಿಲ್ಲ. ಬದಲಾಯಿಸಬೇಕಾದರೆ ಗಡಿಯಾರದ ಬಳಿಯೇ ನಿಂತು ಕೇಬಲ್ ಚುಚ್ಚಬೇಕು, ಅದಕ್ಕೆ ಬೇಕಾದ ಗುಪ್ತಪದ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವಳಿಗೆ ಮತ್ತು ಮೇಷ್ಟ್ರಿಗೆ.

ಗಡಿಯಾರ ಗೋಡೆಗೇರಿತು. ಒಂದು ವರ್ಷ ಎಲ್ಲ ಸರಿಯಾಗಿತ್ತು.

ಆಮೇಲೆ ತಂಗಿ ಗೊಣಗಲು ಶುರುಮಾಡಿದಳು. "ಆರೂಕಾಲರ ಬಸ್ಸು ಸಿಗೋದೇ ಇಲ್ಲ ಅಕ್ಕ ಈಗ. ಆರಕ್ಕೆ ಸೈರನ್ ಆಗುತ್ತೆ, ಗೇಟಲ್ಲಿ ಸಾಲು ನಿಂತು ಫೋನು ಇಸ್ಕೊಂಡು ನೋಡಿದ್ರೆ ಆಗಲೇ ಆರು ಹದಿನೇಳು. ಮೊದಲು ಬಸ್ ಸ್ಟಾಪಲ್ಲಿ ಕೂತು ಕಾಯ್ತಿದ್ದೆ."

"ಗೇಟಲ್ಲಿ ಯಾರ ಜೊತೆ ಹರಟ್ತೀಯೋ ಏನೋ."

"ಊಟಕ್ಕೆ ಕೂತ್ರೆ ಕೈ ತೊಳೆಯೋಷ್ಟರಲ್ಲಿ ಸೈರನ್ನು. ಮಧ್ಯಾಹ್ನದ ಮೇಲೆ ಅಂತೂ ಹೊತ್ತೇ ಹೋಗಲ್ಲ. ಎಲ್ಲರೂ ಅದನ್ನೇ ಅಂತಾರೆ."

"ನನ್ನ ಗಡಿಯಾರ ತಪ್ಪು ತೋರಿಸಲ್ಲ ಕಣೇ. ನಿನಗೆ ವಯಸ್ಸಾಯ್ತು, ಕಾಲು ನಿಧಾನ ಆಗಿದೆ. ಬೇಗ ಬೇಗ ನಡಿ."

ತಂಗಿ ನಕ್ಕಳು. ಅವಳೂ ನಕ್ಕಳು. ಆ ನಗುವನ್ನು ನೆನೆದು ಆಮೇಲೆ ಎಷ್ಟೋ ದಿನ ಅವಳಿಗೆ ಊಟ ಸೇರಲಿಲ್ಲ.

ಹೊಲಿಗೆಯ ಹಾಲಿನ ಕಿಟಕಿಗಳಿಗೆಲ್ಲ ಬಿಳಿ ಬಣ್ಣ ಬಳಿದಿದ್ದರು, ಹೊರಗಿನ ಬೆಳಕು ಬಟ್ಟೆಯ ಬಣ್ಣ ಕೆಡಿಸುತ್ತದಂತೆ. ಫೋನುಗಳು ಗೇಟಿನ ಪೆಟ್ಟಿಗೆಯಲ್ಲಿ. ಕೈಗಡಿಯಾರಕ್ಕೂ ಅನುಮತಿಯಿಲ್ಲ, ಯಂತ್ರಕ್ಕೆ ಸಿಕ್ಕಿಕೊಂಡು ಅಪಾಯವಾಗುತ್ತದಂತೆ. ಒಳಗೆ ಹೊತ್ತು ಎಂದರೆ ಗೋಡೆಯ ಮೇಲಿನ ಕೆಂಪು ಅಂಕಿಗಳು, ಅಷ್ಟೇ.

ಒಂದು ಡಿಸ್‌ಪ್ಲೇ ಕೆಟ್ಟಿದೆ ಎಂದು ಕಾರ್ಖಾನೆಯಿಂದ ಫೋನ್ ಬಂತು. ಮೇಷ್ಟ್ರು ಅವತ್ತು ಊರಲ್ಲಿರಲಿಲ್ಲ. ಅವಳೇ ಹೊರಟಳು. ರಿಪೇರಿಗೆ ಬಂದವಳೆಂದು ಗೇಟಿನವನು ಕೈಗಡಿಯಾರ ಬಿಚ್ಚಿಸಲಿಲ್ಲ. ಏಣಿ ಹತ್ತಿ, ಡಿಸ್‌ಪ್ಲೇಯ ಹಿಂದಿನ ತಂತಿ ಬಿಗಿ ಮಾಡಿ, ಅಂಕಿಗಳು ಬೆಳಗಿದ ಕೂಡಲೇ ಅಭ್ಯಾಸದಂತೆ ಕೈ ನೋಡಿಕೊಂಡಳು. ಗೋಡೆಯಲ್ಲಿ ಮೂರು ಹದಿನಾಲ್ಕು. ಕೈಯಲ್ಲಿ ಮೂರು ಇಪ್ಪತ್ತು.

ಏಣಿಯ ಮೇಲಿಂದ ಅವಳಿಗೆ ಇಡೀ ಹಾಲು ಕಾಣುತ್ತಿತ್ತು, ತಗ್ಗಿದ ತಲೆಗಳ ಸಾಲು ಸಾಲು. ಒಂಬತ್ತನೇ ಸಾಲಿನಿಂದ ತಂಗಿ ತಲೆ ಎತ್ತಿ, ಕಣ್ಣಲ್ಲೇ 'ಏನೇ?' ಅಂದಳು. ಇವಳು ಮುಖ ತಿರುಗಿಸಿದಳು. ಆರು ನಿಮಿಷ! ಒಂದು ಸೆಕೆಂಡಿಗೆ ಜಗಳವಾಡುವವಳ ಗಡಿಯಾರ ಆರು ನಿಮಿಷ ತಪ್ಪಿದೆ. ಎಲ್ಲಿ ತಟ್ಟು ಕಳೆದುಹೋಗುತ್ತಿದೆ? ಎಲ್ಲಿ ಚಿಲಕ ಹಾಕಿ ತೆಗೆಯುವುದು ಮರೆತಿದ್ದೇನೆ?

ಮೂರು ದಿನ ಅವಳು ಮೇಜು ಬಿಟ್ಟು ಏಳಲಿಲ್ಲ. ಅದೇ ಪ್ರೋಗ್ರಾಮನ್ನು ಇನ್ನೊಂದು ಬೋರ್ಡಿಗೆ ಹಾಕಿ ಓಡಿಸಿದಳು. ಸೈರನ್ನು, ಹಾಜರಿ, ಆರು ಡಿಸ್‌ಪ್ಲೇ ಎಲ್ಲ ಒಟ್ಟಿಗೆ ತಗುಲಿಸಿ ಚಿಪ್ಪಿಗೆ ಉಸಿರಾಡಲೂ ಬಿಡದೆ ಕೆಲಸ ಕೊಟ್ಟಳು. ಸೆಕೆಂಡಿನ ಹತ್ತನೇ ಒಂದು ಭಾಗವೂ ತಪ್ಪಲಿಲ್ಲ. ಊರಿಂದ ಬಂದ ಮೇಷ್ಟ್ರಿಗೆ ಹೇಳಿದರೆ ಅವರು ಕನ್ನಡಕ ಒರೆಸುತ್ತಾ, "ನಿನ್ನ ವಾಚನ್ನ ಎಲ್ಲಾದ್ರೂ ತೋರಿಸು," ಅಂದುಬಿಟ್ಟರು. ಅವಳು ನಂಬಿದಳು. ಹೋಗಿ ವಾಚಿನ ಸೆಲ್ಲೂ ಬದಲಾಯಿಸಿಕೊಂಡು ಬಂದಳು.

ಸಂಶಯ ಹುಟ್ಟಿಸಿದ್ದು ತಂಗಿಯ ಒಂದು ಮಾತು. ಬೆಳಿಗ್ಗೆ ಒಳಗೆ ಹೋಗುವಾಗ ಫೋನಿನಲ್ಲೂ ಗೋಡೆಯಲ್ಲೂ ಒಂದೇ ಹೊತ್ತು ಇರುತ್ತಾ ನೋಡು ಎಂದು ಇವಳು ಹೇಳಿ ಕಳಿಸಿದ್ದಳು. ಗೇಟಿನಿಂದಲೇ ಒಂದು ಡಿಸ್‌ಪ್ಲೇ ಕಾಣುತ್ತಿತ್ತು.

"ನೋಡ್ದೆ ಅಕ್ಕ. ಒಂಬತ್ತು ಅಂದ್ರೆ ಒಂಬತ್ತು. ಒಂದು ಚೂರೂ ವ್ಯತ್ಯಾಸ ಇಲ್ಲ."

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ತಪ್ಪು ಎಂಬುದು ಒಂದೇ ದಿಕ್ಕಿಗೆ ಹೋಗುತ್ತದೆ. ಇವತ್ತು ಆರು ನಿಮಿಷ, ನಾಳೆ ಹನ್ನೆರಡು. ಮಧ್ಯಾಹ್ನ ಹಿಂದೆ ಬಿದ್ದದ್ದು ಬೆಳಗಾಗುವಷ್ಟರಲ್ಲಿ ತಾನಾಗಿ ಎದ್ದು ಬಂದು ಜಾಗದಲ್ಲಿ ನಿಲ್ಲುವುದಿಲ್ಲ. ಯಾರೋ ಕೈ ಹಿಡಿದು ಕರೆತಂದು ನಿಲ್ಲಿಸಬೇಕು.

ಡಿಸ್‌ಪ್ಲೇ ಇನ್ನೊಮ್ಮೆ ಪರೀಕ್ಷಿಸಬೇಕು ಎಂಬ ನೆಪ ಹೇಳಿ ಅವಳು ಮರುದಿನ ಕಾರ್ಖಾನೆಗೆ ಹೋದಳು. ಮುಖ್ಯ ಗಡಿಯಾರವಿದ್ದ ಪುಟ್ಟ ಕೋಣೆಯಲ್ಲಿ ಲ್ಯಾಪ್‌ಟಾಪಿನ ಕೇಬಲ್ ಚುಚ್ಚಿ ಇಪ್ಪತ್ತನಾಲ್ಕು ಅಂಕಿಗಳನ್ನು ಓದಿದಳು. ಎಲ್ಲ ಸೊನ್ನೆಯ ಹತ್ತಿರ ಇರಬೇಕಿದ್ದವು.

ಒಂಬತ್ತರಿಂದ ಒಂದರವರೆಗೆ ನಾಲ್ಕು ಗಂಟೆಗೂ ಮೂವತ್ತು. ಅಂದರೆ ಕೆಲಸದ ಹೊತ್ತಿನಲ್ಲಿ ಸಾವಿರ ಎಣಿಕೆಗಲ್ಲ, ಸಾವಿರದ ಮೂವತ್ತಕ್ಕೆ ಒಂದು ಸೆಕೆಂಡು. ಒಂದರಿಂದ ಎರಡು, ಊಟದ ಗಂಟೆಗೆ, ಐವತ್ತು ಕಮ್ಮಿ. ಅದು ಓಡುವ ಗಂಟೆ. ಎರಡರಿಂದ ಆರರವರೆಗೆ ಮತ್ತೆ ಮೂವತ್ತು ಮೂವತ್ತು ಮೂವತ್ತು ಮೂವತ್ತು. ಉಳಿದ ಹದಿನೈದು ಗಂಟೆಗಳಲ್ಲಿ ಹತ್ತಕ್ಕೆ ಹದಿಮೂರರಂತೆ ಕಮ್ಮಿ, ಐದಕ್ಕೆ ಹನ್ನೆರಡರಂತೆ ಕಮ್ಮಿ. ಅವಳು ಬೆರಳಿನಲ್ಲಿ ಕೂಡಿದಳು. ಒಟ್ಟು ಸೊನ್ನೆ. ಅಚ್ಚುಕಟ್ಟಾದ ಸೊನ್ನೆ. ಹಾಲು ಖಾಲಿ ಇರುವಾಗ ಗಡಿಯಾರ ಬೇಗ ಬೇಗ ನಡೆದು, ಬೆಳಿಗ್ಗೆ ಒಂಬತ್ತಕ್ಕೆ ಏನೂ ಅರಿಯದ ಮಗುವಿನ ಹಾಗೆ ಗೋಡೆಯ ಮೇಲೆ ನಿಂತಿರುತ್ತಿತ್ತು.

ಕೆಲಸಕ್ಕೆ ಹದಿನಾಲ್ಕು ನಿಮಿಷ ಹೆಚ್ಚು, ಊಟಕ್ಕೆ ಮೂರು ನಿಮಿಷ ಕಮ್ಮಿ. ಒಬ್ಬಳಿಗೆ ಅಷ್ಟು. ಕೆಲಸದ ಹೊತ್ತೊಂದನ್ನೇ ಹಿಡಿದರೂ ಮುನ್ನೂರ ನಲವತ್ತು ಜನಕ್ಕೆ ದಿನಕ್ಕೆ ಹತ್ತಿರ ಹತ್ತಿರ ಎಂಬತ್ತು ಗಂಟೆ. ಅಂಕಿ ಬದಲಾದ ತಾರೀಕು ನೋಡಿದಳು. ಒಂಬತ್ತು ತಿಂಗಳಾಗಿತ್ತು.

ಗುಪ್ತಪದ ಗೊತ್ತಿದ್ದದ್ದು ಇಬ್ಬರಿಗೆ. ಅವಳಲ್ಲ.

ವರ್ಕ್‌ಶಾಪಿಗೆ ಬಂದಾಗ ಮೇಷ್ಟ್ರು ಒಬ್ಬರೇ ಕೂತು ಪೇಪರ್ ಓದುತ್ತಿದ್ದರು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು.

"ಮೇಷ್ಟ್ರೇ, ಕಾರ್ಖಾನೆಯ ಅಂಕಿ ನೋಡಿಕೊಂಡು ಬಂದೆ."

"ಯಾವ ಅಂಕಿ?"

"ಇಪ್ಪತ್ತನಾಲ್ಕೂ. ಕೂಡಿದ್ರೆ ಸೊನ್ನೆ ಬರುತ್ತೆ. ನೀವಲ್ಲದೆ ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ನೀಟಾಗಿ ಮಾಡ್ತಿರಲಿಲ್ಲ."

ಅವರು ಪೇಪರ್ ಮಡಚಿದರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಇಲ್ಲ ಅನ್ನಲಿ, ಇಲ್ಲ ಅನ್ನಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಇಲ್ಲ ಅಂದಿದ್ದರೆ ನಂಬಿಯೂ ಬಿಡುತ್ತಿದ್ದಳು.

"ಕಾರ್ಖಾನೆಯ ಮ್ಯಾನೇಜರ್ ಕೇಳಿದ," ಅಂದರು. "ನಾವು ಕೊಡದಿದ್ರೆ ಇನ್ನೊಬ್ಬರು ಕೊಡ್ತಾರೆ. ಇಲ್ಲಿ ಏಳು ಜನ ಇದ್ದೀರಿ, ಎಲ್ಲರನ್ನೂ ನೋಡ್ಕೋಬೇಕಲ್ಲ. ಹತ್ತು ನಿಮಿಷ ಹಿಂದೆ ಮುಂದೆ ಆದ್ರೆ ಯಾರ ಗಂಟು ಹೋಗುತ್ತೆ?"

"ನನ್ನ ತಂಗಿ ಅಲ್ಲಿ ಕೂತಿದ್ದಾಳೆ ಮೇಷ್ಟ್ರೇ."

ಅವರು ಮಡಚಿದ ಪೇಪರನ್ನು ಇನ್ನೊಮ್ಮೆ ಮಡಚಿದರು.

"ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳಿದ್ರೆ ನೀನು ಒಪ್ತಿರಲಿಲ್ಲ."

"ಹಾಗಾದ್ರೆ ಆ ಸೆಕೆ? ಹಬೆ? ಹರಳು ಬಿಸಿಯಾಗುತ್ತೆ ಅಂದಿದ್ದು?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಗಿರಾಕಿಗೆ ಮಣಿದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತೇನೋ. ಆದರೆ ಅವರು ಅದೇ ಸ್ಟೂಲು ಎಳೆದುಕೊಂಡು, ಅದೇ ದನಿಯಲ್ಲಿ, ಪಾಠ ಹೇಳುವವರ ಹಾಗೆ ಕೂತು ಸುಳ್ಳು ಹೇಳಿದ್ದರು. ಬೇರೆ ಯಾರ ಮಾತಿಗೂ ಅವಳು ಆ ಮಿತಿ ತೆಗೆಯುತ್ತಿರಲಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಹೊರಡುವಾಗ ಹಿಂದಿನಿಂದ ಮೆಲ್ಲಗೆ ಅಂದರು: "ಇದನ್ನ ಇಲ್ಲಿಗೇ ಬಿಟ್ಟುಬಿಡಮ್ಮಾ. ಪ್ರೋಗ್ರಾಮಿನ ಮೊದಲ ಸಾಲಲ್ಲಿ ನಿನ್ನ ಹೆಸರಿದೆ, ನೆನಪಿಟ್ಕೋ."

ಮನೆಗೆ ಬಂದವಳೇ ತಂಗಿಯ ಮುಂದೆ ಎಲ್ಲ ಬಿಚ್ಚಿಟ್ಟಳು. ತಂಗಿ ಬಟಾಣಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಕೈ ನಿಂತೇಹೋಯಿತು.

"ನಿನಗೆ ಗೊತ್ತಿರಲಿಲ್ವಾ?"

"ಇಲ್ಲ ಕಣೇ."

"ಮಿತಿ ಅಂದ್ಯಲ್ಲ, ಅದನ್ನ ತೆಗೆದಿದ್ದು ಯಾರು?"

"ನಾನೇ."

"ಬಸ್ಸು ಸಿಕ್ತಿಲ್ಲ ಅಂತ ನಾನು ಅಷ್ಟು ಸಲ ಹೇಳಿದ್ನಲ್ಲ ಅಕ್ಕ. ಕಾಲು ನಿಧಾನ ಆಗಿದೆ ಅಂದೆ ನೀನು." ತಂಗಿಯ ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು. "ನಮ್ಮಕ್ಕನ ಗಡಿಯಾರ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ. ನಾಳೆ ಅವರ ಮುಖ ಹೇಗೆ ನೋಡಲಿ?"

ಆ ದಿನದಿಂದ ತಂಗಿ ಮಾತು ಬಿಟ್ಟಳು. ಮೂವರೇ ಇರುವ ಮನೆ. ಅಕ್ಕನಿಗೆ ಹೇಳಬೇಕಾದದ್ದನ್ನು ಅಮ್ಮನಿಗೆ ಹೇಳುತ್ತಿದ್ದಳು. "ಉಪ್ಪು ಆ ಕಡೆ ಇದೆಯಂತೆ, ಕೊಡೋಕೆ ಹೇಳಮ್ಮ." ಅಮ್ಮನಿಗೆ ಎರಡೂ ಕಡೆ ಟಪಾಲು ಹೊರುವುದೇ ಕೆಲಸವಾಯಿತು.

ಸೆಕೆಂಡಮ್ಮ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು. ಅಲ್ಲಿನ ಇನ್‌ಸ್ಪೆಕ್ಟರ್ ಐವತ್ತು ದಾಟಿದ ಹೆಂಗಸು, ಮಾತು ಕಮ್ಮಿ. ಎರಡು ವಾರ ಬಿಟ್ಟು, ಹೇಳದೆ ಕೇಳದೆ, ಮಧ್ಯಾಹ್ನ ಮೂರು ಗಂಟೆಗೆ ಕಾರ್ಖಾನೆಯ ಹಾಲಿಗೆ ನುಗ್ಗಿ, ಗೋಡೆಯನ್ನೂ ತಮ್ಮ ಕೈಯನ್ನೂ ನೋಡಿ ಚೀಟಿಯಲ್ಲಿ ಬರೆದುಕೊಂಡರು. ಮುಖ್ಯ ಗಡಿಯಾರಕ್ಕೆ ಸೀಲು ಬಿತ್ತು.

ವಿಚಾರಣೆಯ ದಿನ ಕಚೇರಿಯ ಉದ್ದ ಮೇಜಿನ ಒಂದು ಬದಿಗೆ ಮ್ಯಾನೇಜರ್ ಮತ್ತು ಮೇಷ್ಟ್ರು ಕೂತಿದ್ದರು. ಇನ್ನೊಂದು ಬದಿಗೆ ಅವಳು ಒಬ್ಬಳೇ. ಹೊಲಿಗೆಯವರ ಪರವಾಗಿ ಐದು ಜನ ಬಂದು ಗೋಡೆಯ ಬೆಂಚಿನಲ್ಲಿ ಕೂತರು. ಅವರಲ್ಲಿ ತಂಗಿಯೂ ಇದ್ದಳು. ಇವಳ ಕಡೆ ನೋಡಲಿಲ್ಲ.

ಮ್ಯಾನೇಜರ್ ತನಗೇನೂ ಗೊತ್ತಿಲ್ಲ, ಗಡಿಯಾರ ಕೊಟ್ಟವರನ್ನು ಕೇಳಿ ಎಂದು ಕೈ ತೊಳೆದುಕೊಂಡ. ಇನ್‌ಸ್ಪೆಕ್ಟರ್ ಮೇಷ್ಟ್ರ ಪತ್ರವನ್ನು ಓದಿದರು. 'ಸದರಿ ಪ್ರೋಗ್ರಾಮನ್ನು ಪೂರ್ತಿಯಾಗಿ ನಮ್ಮ ನೌಕರಳೇ ಬರೆದಿರುತ್ತಾಳೆ. ಆಕೆಯ ಹೆಸರು ಅದರಲ್ಲೇ ಇದೆ. ತಿದ್ದುಪಡಿಯ ಅಂಕಿಗಳ ಬಗ್ಗೆ ನನಗೆ ಮಾಹಿತಿ ಇರುವುದಿಲ್ಲ.'

ಅವಳು ಎದುರು ಕೂತಿದ್ದವರ ಮುಖ ನೋಡಿದಳು. ಮೇಷ್ಟ್ರು ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತಿದ್ದರು. ಹೆದರಿಸುವುದಕ್ಕೆ ಅವತ್ತು ಹಾಗೆ ಅಂದಿದ್ದಾರೆ, ನಿಜವಾಗಿ ಮಾಡುವವರಲ್ಲ ಎಂದು ಅವಳು ಇಷ್ಟು ದಿನವೂ ಅಂದುಕೊಂಡಿದ್ದಳು. ಈಗ ಅಷ್ಟು ಜನರ ಮುಂದೆ ಗೂಬೆಯನ್ನು ತಂದು ಅವಳ ತಲೆಯ ಮೇಲೆ ಕೂರಿಸಿ, ಪೆನ್ನು ನೋಡುತ್ತಾ ಕೂತಿದ್ದರು.

"ಏನು ಹೇಳ್ತೀರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಬರೆದದ್ದು ನಾನೇ ಮೇಡಂ. ಮಿತಿ ತೆಗೆದದ್ದೂ ನಾನೇ, ಅವರು ಹೇಳಿದ್ದಕ್ಕೆ. ಆ ತಪ್ಪು ನನ್ನದು. ಅಂಕಿ ಹಾಕಿದ್ದು ನಾನಲ್ಲ. ಯಾವಾಗ ಹಾಕಿದ್ರು ಅನ್ನೋದು ಗಡಿಯಾರದೊಳಗೇ ಇದೆ."

ಸೀಲು ಒಡೆದು ಓದಿಸಿದರು. ತಾರೀಕು ಬಂತು, ಬೆಳಿಗ್ಗೆ ಹನ್ನೊಂದು ಇಪ್ಪತ್ತು.

ಮ್ಯಾನೇಜರ್ ನಕ್ಕ. "ಗಡಿಯಾರವೇ ಸುಳ್ಳು ಅಂತ ದೂರು. ಈಗ ಅದೇ ಗಡಿಯಾರ ಹೇಳೋ ಹೊತ್ತನ್ನ ನಂಬಬೇಕಾ?"

"ಆ ನಿಮಿಷದವರೆಗೆ ಅದು ಸರಿಯಾಗೇ ಇತ್ತು ಸಾರ್," ಅವಳೆಂದಳು. "ಸುಳ್ಳು ಶುರುವಾಗೋದು ಅದರ ಮರುಕ್ಷಣದಿಂದ."

ಆಗ ಬೆಂಚಿನ ಕಡೆಯಿಂದ ತಂಗಿ ಎದ್ದು ನಿಂತಳು.

"ಮೇಡಂ, ಆ ತಾರೀಕು ಇನ್ನೊಂದು ಸಲ ಹೇಳಿ."

ಇನ್‌ಸ್ಪೆಕ್ಟರ್ ಹೇಳಿದರು.

"ಅವತ್ತು ನಮ್ಮಮ್ಮನ ಕಣ್ಣಿನ ಪೊರೆಯ ಆಪರೇಷನ್. ನಾನು ರಜೆ ಹಾಕಿದ್ದೆ, ಕಾರ್ಖಾನೆಯ ಹಾಜರಿಯಲ್ಲೇ ಇರುತ್ತೆ ನೋಡಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ನಮ್ಮಕ್ಕ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ಳು. ಹನ್ನೊಂದು ಇಪ್ಪತ್ತಕ್ಕೆ ಅಮ್ಮನ್ನ ಆಗಷ್ಟೇ ಒಳಗೆ ಕರ್ಕೊಂಡು ಹೋಗಿದ್ರು. ಇವಳು ನನ್ನ ಕೈ ಹಿಡ್ಕೊಂಡಿದ್ಳು."

ಆಸ್ಪತ್ರೆಯ ಕಾಗದ ತರಿಸಿದರು, ಒಪ್ಪಿಗೆಯ ಜಾಗದಲ್ಲಿ ಅಕ್ಕನ ಸಹಿ ಇತ್ತು. ಗುಪ್ತಪದ ಬಲ್ಲ ಇನ್ನೊಬ್ಬರು ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ಮೇಷ್ಟ್ರು ನೀರು ಕುಡಿದರು. ಆಮೇಲೆ ನಿಧಾನವಾಗಿ, ಯಾರ ಮುಖವನ್ನೂ ನೋಡದೆ, ನಡೆದದ್ದನ್ನು ಹೇಳಿದರು. ಪಕ್ಕದಲ್ಲಿದ್ದ ಮ್ಯಾನೇಜರ್ ಕುರ್ಚಿಯನ್ನು ಅವರಿಂದ ಸ್ವಲ್ಪ ದೂರ ಸರಿಸಿಕೊಂಡ.

ತೀರ್ಪು ಬರಲು ನಾಲ್ಕು ತಿಂಗಳು ಹಿಡಿಯಿತು. ಕಾರ್ಖಾನೆಯ ಡಿಸ್‌ಪ್ಲೇಗಳೆಲ್ಲ ಕೆಳಗಿಳಿದು, ಅಂಗಡಿಯಲ್ಲಿ ಸಿಗುವ ಸಾಧಾರಣ ಗೋಡೆ ಗಡಿಯಾರಗಳು ಬಂದವು. ಕಳೆದ ಹೊತ್ತನ್ನು ಹೊತ್ತಾಗಿಯೇ ವಾಪಸ್ ಕೊಡಬೇಕು ಎಂದಾಯಿತು. ಒಂಬತ್ತು ತಿಂಗಳು ದಿನಾ ಕಾಲು ಗಂಟೆ ಮೊದಲೇ ಹೆಂಗಸರನ್ನು ಬಿಡಬೇಕು. ಮ್ಯಾನೇಜರನ್ನು ಬೇರೆ ಕಡೆಗೆ ಕಳಿಸಿದರು, ಅಷ್ಟೇ. ವರ್ಕ್‌ಶಾಪಿಗೆ ಮಾತ್ರ ಏಟು ಜೋರಾಗಿ ಬಿತ್ತು. ಶಾಲೆಗಳು ಒಂದೊಂದಾಗಿ ಪೆಟ್ಟಿಗೆಗಳನ್ನು ಹಿಂದಿರುಗಿಸಿದವು. ಅವುಗಳಲ್ಲಿ ಯಾವ ಕಳ್ಳತನವೂ ಇರಲಿಲ್ಲ ಎಂದು ಅವಳು ಎಷ್ಟು ಹೇಳಿದರೂ ಕೇಳುವವರಿಲ್ಲ. ವರ್ಷದೊಳಗೆ ಬಾಗಿಲು ಮುಚ್ಚಿತು. ಸೆಕೆಂಡಮ್ಮ ಎಂದು ಹೆಸರಿಟ್ಟ ಪ್ಯಾಕಿಂಗಿನವನು ದಾರಿಯಲ್ಲಿ ಸಿಕ್ಕಿ, "ನಿನ್ನ ಹದಿನಾಲ್ಕು ನಿಮಿಷಕ್ಕೆ ಏಳು ಮನೆ ಒಲೆ ಆರಿತಲ್ಲ, ಸಮಾಧಾನ ಆಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಈಗ ಅವಳು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಬೋರ್ಡುಗಳನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಯಾರಿಗೂ ಅವಳ ಅಡ್ಡಹೆಸರು ಗೊತ್ತಿಲ್ಲ. ಕಳೆದ ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ಗೇಟಿನ ಹತ್ತಿರ ಯಾರೋ ಕಾಯುತ್ತಿದ್ದಾರೆಂದು ಕಾವಲುಗಾರ ಬಂದು ಹೇಳಿದ. ಹೋಗಿ ನೋಡಿದರೆ ಮೇಷ್ಟ್ರು. ಸೊರಗಿಹೋಗಿದ್ದರು, ಅಂಗಿಯ ಕೊರಳಪಟ್ಟಿ ದೊಡ್ಡದಾಗಿ ಕಾಣುತ್ತಿತ್ತು.

"ಚೆನ್ನಾಗಿದ್ದೀಯಾ?"

"ಹೂಂ."

"ಇಲ್ಲಿ ಯಾವ ಚಿಪ್ಪು ಬಳಸ್ತೀರಿ?"

ಎದುರು ಸ್ಟೂಲು ಎಳೆದುಕೊಂಡು ಕೂತವರ ಹಾಗೆಯೇ ಕೇಳಿದರು. ಅವಳು ಉತ್ತರ ಕೊಟ್ಟಳು. ಟೈಮರುಗಳು ಎಷ್ಟು, ಯಾವುದನ್ನು ಬಾಗಿಲಿಗೆ, ಯಾವುದನ್ನು ಮೋಟರಿಗೆ ಇಟ್ಟಿದ್ದಾರೆ ಎಲ್ಲ ಹೇಳಿದಳು. ಅವರು ತಲೆದೂಗಿದರು. ಒಂದು ಒಳ್ಳೆಯ ಸಲಹೆಯನ್ನೂ ಕೊಟ್ಟರು, ಕೊಟ್ಟು ಹೋದರು. ಅವರು ರಸ್ತೆ ತಿರುಗಿದ ಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎಷ್ಟು ದಿನ ಎಷ್ಟು ಮಾತು ಕೂಡಿಟ್ಟುಕೊಂಡಿದ್ದಳು, ಒಂದೂ ಬಾಯಿಗೆ ಬರಲಿಲ್ಲ. ಕ್ಷಮಿಸು ಎಂದು ಅವರೂ ಅನ್ನಲಿಲ್ಲ.

ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಾ ತಂಗಿಗೆ ಇದನ್ನೆಲ್ಲ ಹೇಳಿದಳು. ತಂಗಿ ಕೇಳಿದಳು:

"ಅವರ ಮೇಲೆ ಇನ್ನೂ ಕೋಪ ಇದೆಯಾ ಅಕ್ಕ?"

"ಕೋಪ ಆಗಿದ್ದಿದ್ರೆ ಇಷ್ಟು ಹೊತ್ತಿಗೆ ಇಳಿದುಹೋಗಿರೋದು ಕಣೇ."

ತಂಗಿ ದೊಡ್ಡ ಚಾದರದ ಒಂದು ತುದಿಯನ್ನು ಅಕ್ಕನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದುಕೊಂಡು ಹಿಂದೆ ಸರಿದಳು.